ಪ್ರತಿಕ್ರಿಯೆ: ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಮೊದಲ ದಿನವೇ ತಲೆನೋವು
ಅಮೆರಿಕದ ಕೊಲೊರಾಡೊದ ಈ ಉದ್ಯಾನದಲ್ಲಿ ಮೊದಲ ದಿನವೇ ಬೆಟ್ಟದ ಮೇಲೆ ಹಾದುಹೋಗುವ ಟ್ರೇಲ್ ರಿಡ್ಜ್ ರಸ್ತೆಯಲ್ಲಿ ತಾಯಿಗೆ ತಲೆನೋವು, ವಾಕರಿಕೆ ಬಂತು, ಈಗೇನು ಮಾಡುವುದು ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಎತ್ತರವೇ ಕಾರಣ. ಆ ರಸ್ತೆ 3,713 ಮೀಟರ್‌ವರೆಗೆ ಏರುತ್ತದೆ. ಕಾರಿನಲ್ಲಿ ಹೋದರೆ ದೇಹ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮೊದಲು ಅವರು ಕೆಳಗಿನ ಎಸ್ಟಿಸ್ ಪಾರ್ಕ್ ಪಟ್ಟಣಕ್ಕೆ ಇಳಿದು ವಿಶ್ರಾಂತಿ ಪಡೆಯಲಿ. ಇಳಿದ ಮೇಲೂ ನೋವು ಹೆಚ್ಚಿದರೆ, ನಡೆಯುವಾಗ ತೂರಾಡಿದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ದೂರದಿಂದ ಖಚಿತವಾಗಿ ಹೇಳಲಾಗದು.

ಚೇತರಿಸಿಕೊಂಡರೆ ನಾಳೆ ಮೊರೇನ್ ಪಾರ್ಕ್ ಕಣಿವೆಯಷ್ಟೇ ಸಾಕು. ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ಉದ್ದನೆಯ ದಿಬ್ಬಗಳು ಅಲ್ಲಿ ಕಣ್ಣೆದುರೇ ಇವೆ, 1923ರ ಹಳೆಯ ಕಟ್ಟಡವೂ ಇದೆ. ನಾಡಿದ್ದು ಬೇರ್ ಲೇಕ್ ಸರೋವರದ ಸುತ್ತ ನಿಧಾನವಾಗಿ ನಡೆಯಿರಿ. ಮೇಲಿನ ರಸ್ತೆಗೆ ಮತ್ತೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ ಬನ್ನಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು ಸಾಮಾನ್ಯ, ಮರೆಯಾಗಲು ಅಲ್ಲಿ ಒಂದು ಮರವೂ ಇಲ್ಲ.