ಆ ‘ಹೂಂ’ ಒಪ್ಪಿಗೆ ಆಗಿರಲಿಲ್ಲ

ಹೆಸರು ಹಾಕಬೇಡಿ ಎಂದು ಬರೆದ ಹಾವೇರಿ ಕಡೆಯ ಸಹೋದರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಸಲಹಾ ಕೇಂದ್ರಕ್ಕೆ ಸೇರಿದ ಹೊಸದರಲ್ಲಿ, ತಾನು ಪ್ರೀತಿಸಿದ ಗೆಳತಿಯ ಜೊತೆ ಬೆಂಗಳೂರಿಗೆ ಹೋಗಿದ್ದ 22 ವರ್ಷದ ಹುಡುಗಿಯನ್ನು ಮನೆಯವರು ನಿಮ್ಮ ಮುಂದೆ ತಂದು ಕೂರಿಸಿದರು. ನೀವು ಬುದ್ಧಿ ಹೇಳಿ ಕಳಿಸಿದಿರಿ. ಫೈಲಿನಲ್ಲಿ ‘ರಾಜಿಯಾಗಿದೆ’ ಎಂದು ಬರೆದಿರಿ. ತಿಂಗಳೊಳಗೆ ಅವಳ ಮದುವೆ ಆಯಿತು. ‘ನಾನು ತಪ್ಪು ಮಾಡಿದೆನಾ?’ ಎಂದು ಕೇಳಿದ್ದೀರಿ.

ಹೌದು, ತಪ್ಪಾಗಿದೆ. ನಿಮ್ಮೊಬ್ಬರಿಂದಲೇ ಆದ ತಪ್ಪು ಅಂತ ನನಗನಿಸುವುದಿಲ್ಲ. ನಮ್ಮಲ್ಲಿ ಸಲಹೆ ಎಂದರೆ ಕೂಡಿಸಿ ಕಳಿಸುವುದು ಅಂತಲೇ ಆಗಿಬಿಟ್ಟಿದೆ. ಗಂಡ ಹೆಂಡತಿ ಜಗಳಕ್ಕೆ ಕಲಿತದ್ದನ್ನೇ ಆ ಹುಡುಗಿಗೂ ಹಚ್ಚಿದೆವು.

ಅವಳನ್ನು ಅಪ್ಪನ ಪಕ್ಕದಲ್ಲೇ ಕೂರಿಸಿ ಮಾತಾಡಿಸಿದಿರಂತೆ. ಅವಳು ದುಪಟ್ಟಾದ ತುದಿ ಸುತ್ತುತ್ತಾ ‘ಹೂಂ’ ಅಂದಳಂತೆ. ಆ ‘ಹೂಂ’ ಹೆದರಿಕೆಯದ್ದು. ಇನ್ನು ಮುಂದೆ ಮನೆಯವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಒಂದು ಲೋಟ ಚಹಾ ಕೊಟ್ಟು ಕೇಳಿ: ‘ನಿನಗೆ ಎಲ್ಲಿ ಇರಬೇಕು ಅನ್ನಿಸುತ್ತಮ್ಮಾ?’ 18 ದಾಟಿದವರು ಯಾರ ಜೊತೆ ಇರಬೇಕು ಅನ್ನುವುದು ಅವರಿಗೇ ಬಿಟ್ಟದ್ದು. ಒಂದೇ ಲಿಂಗದ ವಯಸ್ಕರು ಒಪ್ಪಿ ಕೂಡಿ ಬಾಳುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಠಾಣೆಯಲ್ಲೂ ಇದನ್ನು ಧೈರ್ಯವಾಗಿ ಹೇಳಿ. ‘ಡಾಕ್ಟರಿಗೆ ತೋರಿಸಿ ಸರಿಮಾಡಿಸಿ’ ಎನ್ನುವವರಿಗೆ, ಅಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದ್ದನ್ನು ತಿಳಿಸಿ.

ಟ್ರಾನ್ಸ್ ಸಮುದಾಯದ ಬಗ್ಗೆ ತರಬೇತಿ ಆಗಿತ್ತು, ಇಂಥ ಹುಡುಗಿಯರ ಬಗ್ಗೆ ಯಾರೂ ಹೇಳಿಕೊಡಲಿಲ್ಲ ಎಂದಿದ್ದೀರಿ. ನಿಜ. ಟ್ರಾನ್ಸ್ ಜನರಿಗಾಗಿ ನಮ್ಮ ರಾಜ್ಯದಲ್ಲಿ 2017ರ ನೀತಿ ಇದೆ, ಸರ್ಕಾರಿ ಕೆಲಸದಲ್ಲಿ ಶೇ. 1 ಮೀಸಲಾತಿ ಇದೆ. ಹೋರಾಡಿ ಪಡೆದದ್ದು ಅದು. ಆದರೆ ಗೆಳತಿಯನ್ನು ಪ್ರೀತಿಸಿದ ಹುಡುಗಿ ನಮ್ಮ ಯಾವ ಫಾರಂನಲ್ಲೂ ಕಾಣುವುದಿಲ್ಲ. ‘ತಂದೆ/ಗಂಡನ ಹೆಸರು’ ಎಂಬ ಸಾಲಿನ ಕೆಳಗೆ ಕೈಯಲ್ಲೇ ಇನ್ನೆರಡು ಸಾಲು ಸೇರಿಸಿ: ನಿಮಗೆ ಬೇಕಾದವರು ಯಾರು? ಯಾರಿಗೆ ಫೋನ್ ಮಾಡಬಾರದು? ಎರಡನೆಯದು ಬಹಳ ಮುಖ್ಯ. ಮನೆ ಭೇಟಿಯಲ್ಲಿ ಬಾಯಿತಪ್ಪಿ ಆಡಿದ ಒಂದು ಮಾತಿಗೆ ಏಟು ತಿನ್ನುವವಳು ಅವಳು, ಅಲ್ವಾ?

ಹೀಗೆ ಪ್ರೀತಿಸಿ ಜೋಡಿಯಾಗಿ ಬಾಳುತ್ತಿರುವವರು ಬಂದರೆ ಅವರ ಜೊತೆ ಆಹಾರ ಇಲಾಖೆಗೂ ನಡೆಯಿರಿ. ರೇಷನ್ ಕಾರ್ಡಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಿ ಎಂದು ಕೇಂದ್ರ ಸರ್ಕಾರ 2024ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಜಂಟಿ ಬ್ಯಾಂಕ್ ಖಾತೆಗೂ ಅಡ್ಡಿಯಿಲ್ಲ.

ಈಗ ಆ ಹುಡುಗಿಗೆ ಫೋನ್ ಮಾಡಲೇ ಎಂದಿದ್ದೀರಿ. ಗಂಡನ ಮನೆಗೆ ಬೇಡ. ಗೆಳತಿಯ ನಂಬರ್ ಫೈಲಿನಲ್ಲಿದೆಯಲ್ಲ, ಅವಳಿಗೆ ಮಾಡಿ. ಮೊದಲು ಕ್ಷಮೆ ಕೇಳಿ. ಆಮೇಲೆ, ಇಬ್ಬರಲ್ಲಿ ಯಾರು ಯಾವಾಗ ಬಂದರೂ ನಾನಿದ್ದೇನೆ ಎಂದು ನಿಮ್ಮ ನಂಬರ್ ಕೊಡಿ.

– ಸಂ.