ಹೆಗ್ಗಣ ಕಚ್ಚಿದರೆ ರೇಬೀಸ್ ಸೂಜಿ ಬೇಕೆ?

ಪ್ರಶ್ನೆ: ಹುಲ್ಲಿನ ಬಣವೆಗೆ ಕೈ ಹಾಕಿದಾಗ ಹೆಗ್ಗಣವೊಂದು ತೋರುಬೆರಳಿಗೆ ಕಚ್ಚಿ ಓಡಿತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದ್ದೇನೆ. ರೇಬೀಸ್ ಸೂಜಿ ಹಾಕಿಸಬೇಕೆ? ಟಿಟಿ ಹಾಕಿಸಿದ್ದು ಯಾವಾಗಲೋ ನೆನಪಿಲ್ಲ.
– ರೈತ, ಶಿವಮೊಗ್ಗ ಜಿಲ್ಲೆ

ಉತ್ತರ: ಮೊದಲು ಆ ಬಟ್ಟೆ ಬಿಚ್ಚಿ. ಹೆಗ್ಗಣದ ಬಾಚಿಹಲ್ಲು ಉಳಿಯಂತೆ ಕಿರಿದಾಗಿ, ಆಳಕ್ಕೆ ಇಳಿಯುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಂಡು ಕೊಳೆ ಒಳಗೇ ಉಳಿಯುತ್ತದೆ. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದೂ ಅಲ್ಲಿಗೆ ತಲುಪುವುದಿಲ್ಲ, ಬಾಯಿ ಮುಚ್ಚುತ್ತವೆ ಅಷ್ಟೆ. ಕಚ್ಚಿದ ಕೂಡಲೇ ಉಂಗುರವಿದ್ದರೆ ತೆಗೆದು, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಯೇ ತೊಳೆಯಿರಿ, ಅಂದಾಜಿಗೆ ಬಿಟ್ಟರೆ ಎರಡು ನಿಮಿಷಕ್ಕೆ ಮುಗಿದಿರುತ್ತದೆ. ಆಮೇಲೆ ನಂಜು ತಡೆಯುವ ಪೊವಿಡೋನ್ ಅಯೋಡಿನ್ ಹಚ್ಚಿ.

ಇಲಿ, ಹೆಗ್ಗಣ, ಅಳಿಲುಗಳಿಂದ ಮನುಷ್ಯರಿಗೆ ರೇಬೀಸ್ ಬರುವುದು ತೀರ ಅಪರೂಪ. ಕೈಗೆ ಸಿಕ್ಕಿಬಿದ್ದ ಪ್ರಾಣಿ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಲಸಿಕೆ ಬೇಕಾಗದು. ಹಗಲಲ್ಲಿ ತಾನಾಗಿಯೇ ಮೈಮೇಲೆ ಬಿದ್ದು ಕಚ್ಚಿದ್ದರೆ ವೈದ್ಯರಿಗೆ ಹಾಗೆಂದೇ ಹೇಳಿ. ಕೊಡಬೇಕೆಂದಾದರೆ ಚರ್ಮದೊಳಗಿನ ಲಸಿಕೆ 0, 3, 7, 28ನೇ ದಿನ. ಆದರೆ ಬಣವೆಯಲ್ಲಿದ್ದದ್ದು ಮುಂಗುಸಿಯಾದರೆ ಮಾತೇ ಬೇರೆ. ಅದು ಇಲಿ, ಅಳಿಲುಗಳಂಥ ದಂಶಕ (ಬಾಚಿಹಲ್ಲಿನಿಂದ ಕಡಿಯುವ ಪ್ರಾಣಿ) ಅಲ್ಲ, ರೇಬೀಸ್ ಹರಡುತ್ತದೆ; ಅದೇ ದಿನ ಆಸ್ಪತ್ರೆಗೆ ಹೋಗಿ.

ನಿಮಗೆ ತಪ್ಪದೆ ಬೇಕಾದದ್ದು ಧನುರ್ವಾಯು ಲಸಿಕೆ. ಇಂಥ ಕೊಳೆ ಗಾಯಕ್ಕೆ ಹಿಂದಿನ ಡೋಸ್ ಆಗಿ 5 ವರ್ಷ ದಾಟಿದ್ದರೆ ಟಿಡಿ ಹಾಕಿಸಬೇಕು (ಟಿಟಿ ಬದಲಿಗೆ ಈಗ ಬಂದಿರುವುದು). ಮೂರು ಡೋಸ್ ಎಂದೂ ಪೂರ್ತಿ ಆಗಿರದಿದ್ದರೆ, ಅಥವಾ ನೆನಪೇ ಇಲ್ಲದಿದ್ದರೆ, ಜೊತೆಗೆ ಧನುರ್ವಾಯುವಿನ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಸೂಜಿ) ಕೂಡ. ಬೆರಳು ಮಡಿಸಲಾಗದಿದ್ದರೆ, ಕೆಂಪು ಗೆರೆ ತೋಳಿನತ್ತ ಏರುತ್ತಿದ್ದರೆ ಅಂದೇ ತೋರಿಸಿ.

ಕಚ್ಚಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈ ಸಂಚಿಕೆ ಕೈಸೇರುವ ಹೊತ್ತಿಗೆ ಗಾಯ ಮಾಯ್ದಿರಬಹುದು, ಇಲಿ ಕಡಿತದ ಜ್ವರ ತಲೆಯೆತ್ತುವುದು ಆಗಲೇ. ಒಂದು ಬಗೆಯದು 3ರಿಂದ 10 ದಿನದೊಳಗೆ ಚಳಿಜ್ವರ, ಕೀಲುನೋವು, ಅಂಗೈ ಅಂಗಾಲಿನ ಗುಳ್ಳೆಗಳೊಂದಿಗೆ ಬರುತ್ತದೆ. ಇನ್ನೊಂದರಲ್ಲಿ ಒಂದರಿಂದ ಮೂರು ವಾರಕ್ಕೆ ಮಾಯ್ದ ಗಾಯವೇ ಮತ್ತೆ ಊದಿಕೊಂಡು, ಜ್ವರ ಬಂದು ಬಂದು ಹೋಗುತ್ತದೆ. ಪೆನಿಸಿಲಿನ್‌ಗೆ ಎರಡೂ ಬಗ್ಗುತ್ತವೆ. ಡೆಂಗಿ, ಟೈಫಾಯ್ಡ್ ಪರೀಕ್ಷೆಗಳಲ್ಲಿ ಇದು ಸಿಗದು. ‘ಹೆಗ್ಗಣ ಕಚ್ಚಿತ್ತು’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ‘ಇಲಿ ಜ್ವರ’ ಎನ್ನುವುದು ಬೇರೆ, ಅದು ಲೆಪ್ಟೊಸ್ಪೈರೋಸಿಸ್. ಹೆಚ್ಚಾಗಿ ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ತಗಲುವಂಥದ್ದು.

ಪ್ರಶ್ನೆ: ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಾಲಿಗೆ ಏನೋ ಕಚ್ಚಿತು. ಚುಕ್ಕೆಯಂಥ ಗುರುತಿದೆ, ನೋವಿಲ್ಲ. ಇಲಿಯೇ ಇರಬಹುದಲ್ಲವೆ?

ಉತ್ತರ: ಇಲಿಯನ್ನು ಕಣ್ಣಾರೆ ಕಾಣದಿದ್ದರೆ ಹಾವೆಂದೇ ತಿಳಿಯಿರಿ. ಇಲಿ ಕಚ್ಚಿದರೆ ಆಗಲೇ ಉರಿ, ರಕ್ತ. ಕಟ್ಟುಹಾವು ಕಚ್ಚಿದರೆ ನೋವೇ ಇಲ್ಲದಿರಬಹುದು. ಗಂಟೆಗಳ ನಂತರ ಹೊಟ್ಟೆನೋವು ಬಂದು ರೆಪ್ಪೆ ಜೋಲುತ್ತದೆ. ಕೊಯ್ಯದೆ, ಬಿಗಿದು ಕಟ್ಟದೆ, ಕಾಲು ಅಲುಗಿಸದೆ ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಹೋಗಿ 24 ಗಂಟೆ ನಿಗಾದಲ್ಲಿರಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೆ ಇಲಿ ಬೆರಳು ಕಡಿದದ್ದೂ ತಿಳಿಯುವುದಿಲ್ಲ. ಅಂಥವರು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಬೇಕು. ಬೆಳಿಗ್ಗೆ ಬೆರಳ ಸಂದು ನೋಡಿಕೊಳ್ಳಬೇಕು.