ವಿದೇಶಿ ಮಾದಕವಸ್ತು ನಿಗ್ರಹ ಕಚೇರಿಗಳಿಗೆ ವಿಶ್ಲೇಷಕರು ಏಕೆ ಬೇಕು?

ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎ ತನ್ನ ವಿದೇಶಿ ಕಚೇರಿಗಳಲ್ಲಿ ತನಿಖಾಧಿಕಾರಿಗಳ ಜೊತೆಗೆ ಗುಪ್ತಚರ ವಿಶ್ಲೇಷಕರನ್ನೂ ಏಕೆ ನೇಮಿಸುತ್ತದೆ ಎಂದು ದಾವಣಗೆರೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಪರದೇಶದಲ್ಲಿ ನೇರವಾಗಿ ಬಂಧನ ಕಾರ್ಯಾಚರಣೆ ನಡೆಸುವುದನ್ನು ಅಮೆರಿಕದ ಕಾನೂನೇ 1976ರಿಂದ ನಿರ್ಬಂಧಿಸಿರುವುದರಿಂದ, ಅಲ್ಲಿನ ಪೊಲೀಸರಿಗೆ ಈ ಸಂಸ್ಥೆ ಕೊಡಬಹುದಾದ ದೊಡ್ಡ ನೆರವೆಂದರೆ ಮಾಹಿತಿಯೇ. ಚಿತ್ರದುರ್ಗದ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಾಂಜಾ ಲಾರಿಯೊಂದು ಸಿಕ್ಕಿಬಿದ್ದಿತೆಂದು ಭಾವಿಸೋಣ: ಮಾಲು ನಿಜವಾಗಿ ಯಾರದೆಂಬುದು ಎಷ್ಟೋ ಸಲ ಚಾಲಕನಿಗೇ ತಿಳಿದಿರುವುದಿಲ್ಲ, ಅವನ ಮೊಬೈಲ್ ಕರೆಗಳು, ಸರಕಿನ ಬಿಲ್ಲು, ಹಣದ ವರ್ಗಾವಣೆ ಇವನ್ನೆಲ್ಲ ಹಳೆಯ ಪ್ರಕರಣಗಳೊಂದಿಗೆ ತಾಳೆ ನೋಡಿದಾಗಲೇ ಜಾಲದ ಮುಂದಿನ ಕೊಂಡಿ ಸಿಗುವುದು. ವಿದೇಶಿ ಕಚೇರಿಯ ವಿಶ್ಲೇಷಕರು ಇದೇ ಕೆಲಸವನ್ನು ಹಲವು ದೇಶಗಳ ಮಟ್ಟದಲ್ಲಿ ಮಾಡುತ್ತಾರೆ. ನಮ್ಮಲ್ಲಿ ವಿದೇಶಿ ಸಂಸ್ಥೆಗಳೊಂದಿಗಿನ ಸಮನ್ವಯವು 1986ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿಯ ಹೊಣೆ. ವೆಚ್ಚ ತಗ್ಗಿಸುವ ನೆಪದಲ್ಲಿ ವಿಶ್ಲೇಷಕರ ಹುದ್ದೆಗಳನ್ನು ಖಾಲಿ ಬಿಟ್ಟರೆ, ಚಾಲಕರು ಮಾತ್ರ ಜೈಲು ಸೇರಿ, ಸೂತ್ರಧಾರರು ಹೊರಗೇ ಉಳಿಯುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.